ಬಿಸಿಲಿಗೂ ಬೆಲೆ ಇದೆ, ಆ ಬೆಲೆಯಲ್ಲಿ ರೈತನ ಪಾಲೆಷ್ಟು?



ನೆಲದೊಳಗಿನ ಎಣ್ಣೆ ತೆಗೆಯುತ್ತಿದ್ದ ಸರ್ಕಾರಿ ಕಂಪೆನಿ ಈಗ ನೆಲದ ಮೇಲಿನ ಬಿಸಿಲು ಗಾಳಿಗೂ ಕೈಹಾಕಿದೆ. 1956ರಲ್ಲಿ ಹುಟ್ಟಿದ ತೈಲ ಮತ್ತು ನೈಸರ್ಗಿಕ ಅನಿಲ ನಿಗಮ, ಅಂದರೆ ಓ.ಎನ್.ಜಿ.ಸಿ., 2030ರ ಹೊತ್ತಿಗೆ 10,000 ಮೆಗಾವ್ಯಾಟ್ ಸೌರ, ಪವನ ವಿದ್ಯುತ್ತಿನ ಗುರಿ ಇಟ್ಟುಕೊಂಡಿದೆ. ಇಂಥ ಕೆಲಸಗಳಿಗೆ ಸುಮಾರು ಒಂದು ಲಕ್ಷ ಕೋಟಿ ರೂಪಾಯಿ ಹಾಕುತ್ತೇವೆ ಅಂತ 2023ರಲ್ಲೇ ಸಾರಿತು. 2025ರ ಮಾರ್ಚಿನಲ್ಲಿ ಎನ್.ಟಿ.ಪಿ.ಸಿ.ಯ ಹಸಿರು ಶಾಖೆಯ ಜೊತೆ ಅರ್ಧರ್ಧ ಪಾಲು ಹಾಕಿ ಅಯಾನಾ ಎಂಬ ಕಂಪೆನಿಯನ್ನು ಕೊಂಡಿತು. ಅದರ ಸಾಲವನ್ನೂ ಸೇರಿಸಿ ಕಟ್ಟಿದ ಬೆಲೆ 19,500 ಕೋಟಿ ರೂಪಾಯಿ. ಅದೇ ತಿಂಗಳು 925 ಕೋಟಿ ಕೊಟ್ಟು ಪಿ.ಟಿ.ಸಿ. ಎನರ್ಜಿ ಎಂಬ ಇನ್ನೊಂದು ಕಂಪೆನಿಯನ್ನೂ ತೆಗೆದುಕೊಂಡಿತು. ಅದರ 288.8 ಮೆಗಾವ್ಯಾಟಿನ ಗಾಳಿಯಂತ್ರಗಳು ಮಧ್ಯಪ್ರದೇಶ, ಆಂಧ್ರ ಮತ್ತು ನಮ್ಮ ಕರ್ನಾಟಕದಲ್ಲಿವೆ.

ಇದು ದಿಲ್ಲಿಯ ದೊಡ್ಡವರ ವ್ಯವಹಾರ, ನಮಗೇನು ಅಂತ ಸುಮ್ಮನೆ ಕೂರೋ ಹಾಗಿಲ್ಲ. ಎಣ್ಣೆ ಬಾವಿಗೆ ಬೇಕಾಗೋದು ಅಂಗೈಯಗಲ ಜಾಗ. ಸೌರ ಫಲಕಕ್ಕೆ ಊರಗಲದ ಹೊಲ ಬೇಕು. ಆ ಹೊಲ ಯಾರದು? ನಮ್ಮದು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬಿಸಿಲಿನಿಂದ ಕರೆಂಟು ತೆಗೆಯೋದನ್ನು ನಾವು ವಿರೋಧಿಸುತ್ತಿಲ್ಲ. ಮಳೆ ಕೈಕೊಟ್ಟರೆ ಮೊದಲು ಸಾಯೋನು ರೈತ. ಹವೆ ಕೆಟ್ಟರೆ ನಷ್ಟ ಯಾರಿಗೆ ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹೊರದೇಶದಿಂದ ಕಚ್ಚಾ ಎಣ್ಣೆ ತರಿಸೋದು ಕಡಿಮೆಯಾದರೆ ದೇಶಕ್ಕೂ ಒಳ್ಳೆಯದೇ. ನಮ್ಮ ತಕರಾರು ಹಂಚಿಕೆಯದು. ಹಾಕುವ ಬಂಡವಾಳ ಯಾರದು, ಭೂಮಿ ಯಾರದು, ಲಾಭ ಯಾರಿಗೆ?

ಬಂಡವಾಳದ ಮಾತಿಗೆ ಬರೋಣ. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟರು. ಲೋಕದಲ್ಲಿ ಎಣ್ಣೆ ಅಗ್ಗವಾದರೆ ನಿಮಗೂ ಅಗ್ಗವಾಗುತ್ತೆ ಅಂದರು. 2020ರಲ್ಲಿ ಕಚ್ಚಾ ಎಣ್ಣೆ ಬೆಲೆ ನೆಲ ಕಚ್ಚಿತು. ಆ ವರ್ಷದ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಲೀಟರ್ ಡೀಸೆಲ್ಲಿನ ಮೇಲೆ ಒಂದೇ ಏಟಿಗೆ 13 ರೂಪಾಯಿ ತೆರಿಗೆ ಏರಿಸಿತು. ಅಗ್ಗದ ಲಾಭ ಟ್ರ್ಯಾಕ್ಟರು, ಟಿಲ್ಲರು ಇಟ್ಟವನಿಗೆ ಬರಲಿಲ್ಲ, ಖಜಾನೆಗೆ ಹೋಯಿತು. ಎಣ್ಣೆ ದುಬಾರಿಯಾದಾಗ ಎಣ್ಣೆ ತೆಗೆಯೋ ಕಂಪೆನಿಯ ಗಂಟು ದಪ್ಪವಾಯಿತು. 2023-24ರಲ್ಲಿ ಓ.ಎನ್.ಜಿ.ಸಿ.ಯ ನಿವ್ವಳ ಲಾಭ 40,000 ಕೋಟಿ ದಾಟಿತ್ತು. ಈ ಕಂಪೆನಿಯಲ್ಲಿ ಸರ್ಕಾರದ ಪಾಲೇ ನೂರಕ್ಕೆ ಸುಮಾರು 59. ಸರ್ಕಾರದ್ದು ಅಂದರೆ ನಮ್ಮದು. ಹಾಗಾಗಿ ಆ ದುಡ್ಡು ಎಲ್ಲಿ ಹೋಯಿತು ಅಂತ ಕೇಳೋ ಹಕ್ಕು ನಮಗಿದೆ.

ಎಲ್ಲಿ ಹೋಯಿತು? ಅಯಾನಾ ವ್ಯಾಪಾರವನ್ನೇ ನೋಡಿ. ಅದು ಸುಮಾರು 4,100 ಮೆಗಾವ್ಯಾಟಿನ ಕಂಪೆನಿ. ಅದರಲ್ಲಿ ಕೆಲವು ಘಟಕ ಓಡುತ್ತಿದ್ದವು, ಕೆಲವನ್ನು ಇನ್ನೂ ಕಟ್ಟುತ್ತಿದ್ದರು. ಮಾರಿದವರು ಹೂಡಿಕೆ ನಿಧಿಗಳು, ಅವುಗಳಲ್ಲಿ ಒಂದು ಬ್ರಿಟಿಷ್ ಸರ್ಕಾರದ್ದು. ಈ ವ್ಯಾಪಾರದಿಂದ ದೇಶಕ್ಕೆ ಒಂದು ಹೊಸ ಫಲಕ ಸೇರಿತೇ? ಇಲ್ಲ. ಇದ್ದ ಎತ್ತು ಸಂತೆಯಲ್ಲಿ ಕೈ ಬದಲಾಯಿತು, ಅಷ್ಟೆ. ಇಂಥ ಕಂಪೆನಿಗೆ ಸಾವಿರಾರು ಕೋಟಿ ಬೆಲೆ ಬಂದಿದ್ದು ಎಲ್ಲಿಂದ? ಫಲಕದಿಂದ ಸ್ವಲ್ಪ. ಅದರ ಜೊತೆಗೆ ಇಪ್ಪತ್ತೈದು ವರ್ಷ ಕರೆಂಟು ಕೊಳ್ಳುವ ಕರಾರಿನಿಂದ, ಕೈಯಲ್ಲಿರುವ ಭೂಮಿಯಿಂದ. ಕಂಪೆನಿ ಮಾರುವವನಿಗೆ ಏರಿದ ಬೆಲೆ ಸಿಗುತ್ತೆ. ಭೂಮಿ ಕೊಟ್ಟವನ ಗುತ್ತಿಗೆ ಹಣ ಒಂದು ಪೈಸೆಯೂ ಏರೋದಿಲ್ಲ.

ಈ ಗುತ್ತಿಗೆ ಎಷ್ಟು ಅಂತ ನಮ್ಮ ಪಾವಗಡದಲ್ಲೇ ಲೆಕ್ಕ ಹಾಕೋಣ. ಅದು ಓ.ಎನ್.ಜಿ.ಸಿ.ಯದ್ದಲ್ಲ ನಿಜ, ಆದರೆ ಮುಂದೆ ಬರೋರೆಲ್ಲ ತೋರಿಸೋ ಮಾದರಿ ಅದೇ. ತಿರುಮಣಿ, ವಳ್ಳೂರು ಮುಂತಾದ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್. ಭೂಮಿ ಕಿತ್ತುಕೊಳ್ಳಲಿಲ್ಲ, 28 ವರ್ಷಕ್ಕೆ ಗುತ್ತಿಗೆ ಪಡೆದರು. ಅದು ಮೆಚ್ಚಬೇಕಾದ ಮಾತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಕೆ. ಬರದಲ್ಲಿ ಬೆಂದ ಶೇಂಗಾ ಬೆಳೆಗಾರ ಇದಕ್ಕೆ ಒಪ್ಪಿದ್ದು ತಪ್ಪೂ ಅಲ್ಲ.

ಆದರೆ ಲೆಕ್ಕ ನೋಡಿ. ಒಂದು ಮೆಗಾವ್ಯಾಟಿಗೆ ಆರೂ ಕಾಲು ಎಕರೆ ಚಿಲ್ಲರೆ ಬಿತ್ತು. ಗುತ್ತಿಗೆ ಹಣ ವರ್ಷಕ್ಕೆ ಸುಮಾರು 1 ಲಕ್ಷ 33 ಸಾವಿರ. ಐದರಲ್ಲೊಂದು ಪಾಲು ಹೊತ್ತು ಪೂರಾ ಓಡಿದ ಲೆಕ್ಕ ಹಿಡಿದರೂ ಒಂದು ಮೆಗಾವ್ಯಾಟ್ ವರ್ಷಕ್ಕೆ ಹದಿನೇಳೂವರೆ ಲಕ್ಷ ಯೂನಿಟ್ ಕೊಡುತ್ತೆ. ಯೂನಿಟ್ಟಿಗೆ ಮೂರು ರೂಪಾಯಿ ಅಂತ ಇಟ್ಟುಕೊಳ್ಳಿ, ಐವತ್ತೆರಡೂವರೆ ಲಕ್ಷ. ಅದರಲ್ಲಿ ಭೂಮಿ ಕೊಟ್ಟವನಿಗೆ ಯೂನಿಟ್ಟಿಗೆ ಏಳೂವರೆ ಪೈಸೆ! ನೂರು ರೂಪಾಯಿಗೆ ಎರಡೂವರೆ ರೂಪಾಯಿ! ಆ ಏರಿಕೆಯೂ ಅಷ್ಟೆ. ಕೊನೆಯ ಎರಡು ವರ್ಷಕ್ಕೆ ಎಕರೆಗೆ 39,600 ರೂಪಾಯಿ ಆಗುತ್ತೆ. ಇಪ್ಪತ್ತಾರು ವರ್ಷದಲ್ಲಿ ದುಪ್ಪಟ್ಟು ಕೂಡ ಆಗೋದಿಲ್ಲ. ಗೊಬ್ಬರ, ಆಸ್ಪತ್ರೆ, ಮಕ್ಕಳ ಫೀಸು ಹೀಗೆ ಆಮೆ ನಡಿಗೆಯಲ್ಲಿ ಏರುತ್ತವೆಯೇ? ನೌಕರನಿಗೆ ತುಟ್ಟಿಭತ್ಯೆ ಇದೆ. ಭೂಮಿ ಕೊಟ್ಟವನಿಗೆ ಯಾಕಿಲ್ಲ?

ಇನ್ನೊಂದು ಸಂಗತಿ. ಬೆಳೆ ಇಲ್ಲದ ಹೊಲಕ್ಕೆ ಬೆಳೆಸಾಲ ಹುಟ್ಟೋದಿಲ್ಲ, ಹಳೇ ಸಾಲ ಮಾತ್ರ ಬೆಳೆಯುತ್ತಲೇ ಇರುತ್ತೆ. ಇನ್ನು ಪಹಣಿಯಲ್ಲಿ ಹೆಸರೇ ಇಲ್ಲದ ಕೂಲಿಕಾರನ ಗತಿ? ಕಳೆ ಕೀಳುತ್ತಿದ್ದ ಹೆಣ್ಣುಮಗಳಿಗೆ ಗುತ್ತಿಗೆ ಹಣ ಯಾರೂ ಕೊಡೋದಿಲ್ಲ. ಕುರಿ ಮೇಯಿಸೋನಿಗೆ ಬೇಲಿ ಅಡ್ಡ ಬಂತು.

ಈಗ ಹಳೇ ಮಾತೊಂದನ್ನು ನೆನಪಿಸಬೇಕು. ಮಲಪ್ರಭಾ ಅಚ್ಚುಕಟ್ಟಿನಲ್ಲಿ ಸರ್ಕಾರ ರೈತನಿಗೆ ಏನು ಹೇಳಿತ್ತು? 'ನಮ್ಮ ಕಾಲುವೆಯಿಂದ ನಿನ್ನ ಭೂಮಿಯ ಬೆಲೆ ಏರಿದೆ, ಏರಿದ ಬೆಲೆಯಲ್ಲಿ ನಮಗೆ ಪಾಲು ಕೊಡು.' ಅದಕ್ಕೇ ಅಭಿವೃದ್ಧಿ ಕರ ಅಂತ ಹೆಸರು. ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಕರ ಕೇಳಿದರು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರಾಯಿತು, ರೈತರ ಹೆಣ ಬಿತ್ತು. ಈಗ ಆ ತರ್ಕವನ್ನೇ ತಿರುಗಿಸಿ ಕೇಳೋಣ. ನಮ್ಮ ಭೂಮಿಯಿಂದ ನಿಮ್ಮ ಕಂಪೆನಿಯ ಬೆಲೆ ಏರಿದೆ. ಏರಿದ ಬೆಲೆಯಲ್ಲಿ ನಮ್ಮ ಪಾಲೆಲ್ಲಿ? ವಸೂಲಿಗೆ ಒಂದು ನ್ಯಾಯ, ಕೊಡೋದಕ್ಕೆ ಇನ್ನೊಂದು ನ್ಯಾಯವೇ?

ಖಾಸಗಿಯವನಿಗಿಂತ ಸರ್ಕಾರಿ ಕಂಪೆನಿ ವಾಸಿ ಅನ್ನೋರಿದ್ದಾರೆ. ಆಗಬಹುದು, ಆದರೆ ತಾನಾಗೇ ಆಗೋದಿಲ್ಲ. ಎನ್.ಟಿ.ಪಿ.ಸಿ.ಯೂ ಸರ್ಕಾರದ್ದೇ. 2014ರ ಜುಲೈನಲ್ಲಿ ಅದರ ಕೂಡಗಿ ಸ್ಥಾವರದ ವಿರುದ್ಧ ನಿಂತ ವಿಜಯಪುರ ಜಿಲ್ಲೆಯ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಓ.ಎನ್.ಜಿ.ಸಿ. ಪಾಲುದಾರನಾಗಿದ್ದ ಮಂಗಳೂರು ವಿಶೇಷ ಆರ್ಥಿಕ ವಲಯದ ಎರಡನೇ ಹಂತಕ್ಕೆಂದು ಗುರುತಿಸಿದ್ದ 2,000 ಎಕರೆಗೂ ಮೀರಿದ ಭೂಮಿಯನ್ನು ಸರ್ಕಾರ 2011ರಲ್ಲಿ ಕೈಬಿಟ್ಟಿತು. ದಯೆಯಿಂದ ಬಿಡಲಿಲ್ಲ. ಜನ ಎದ್ದು ನಿಂತಿದ್ದರಿಂದ ಬಿಟ್ಟಿತು.

ಹಾಗಾದರೆ ನಾವು ಕೇಳಬೇಕಾದ್ದೇನು? ಒಂದು, ಸೌರ, ಪವನ ವಿದ್ಯುತ್ತಿಗೆ ಭೂಸ್ವಾಧೀನ ಕೂಡದು, ಗುತ್ತಿಗೆ ಮಾತ್ರ. ಎರಡು, ಕನಿಷ್ಠ ಗುತ್ತಿಗೆಯ ಜೊತೆ ಯೂನಿಟ್ ಲೆಕ್ಕದ ಪಾಲು. ಯೂನಿಟ್ಟಿಗೆ ಇಪ್ಪತ್ತು ಪೈಸೆ ಅಂದರೂ ಪಾವಗಡದ ಲೆಕ್ಕದಲ್ಲಿ ಎಕರೆಗೆ 55,000 ಆಗುತ್ತೆ. ಕರೆಂಟು ದುಬಾರಿ ಆಗುತ್ತೆ ಅಂತಾರೆ. ಎಷ್ಟು? ಹನ್ನೆರಡೂವರೆ ಪೈಸೆ! ಮೂರು, ಕಂಪೆನಿ ಕೈ ಬದಲಾದಾಗಲೆಲ್ಲ ಗುತ್ತಿಗೆಯನ್ನು ಹೊಸದಾಗಿ ಮಾತಾಡಬೇಕು. ನಾಲ್ಕು, ಭೂಮಿ ಇಲ್ಲದವರ ಮನೆಗೊಂದು ಖಾಯಂ ಕೆಲಸ ಅಥವಾ ವರ್ಷಾಶನ. ಐದು, ಗುತ್ತಿಗೆ ಮುಗಿದ ದಿನ ಕಾಂಕ್ರೀಟು, ಗಾಜು ಎಲ್ಲ ತೆಗೆದು ಉಳುವ ಹಾಗೆ ಹೊಲ ಬಿಟ್ಟುಕೊಡಬೇಕು.

ಆರನೆಯದು ಎಲ್ಲಕ್ಕಿಂತ ಮುಖ್ಯ. 2019ರ ಕುಸುಮ್ ಯೋಜನೆಯಲ್ಲಿ ರೈತನೇ, ರೈತರ ಸಹಕಾರ ಸಂಘವೇ ಅರ್ಧದಿಂದ ಎರಡು ಮೆಗಾವ್ಯಾಟಿನ ಘಟಕ ಹಾಕಿ ಕರೆಂಟು ಮಾರಬಹುದು. ದಾರಿ ಇದೆ, ಬಂಡವಾಳ ಇಲ್ಲ. ಬ್ಯಾಂಕಿನವರು ಅಡವು ಕೇಳುತ್ತಾರೆ. ಸಾವಿರಾರು ಕೋಟಿ ಕೊಟ್ಟು ಕಟ್ಟಿದ ಕಂಪೆನಿ ಕೊಳ್ಳೋ ಓ.ಎನ್.ಜಿ.ಸಿ. ನಮ್ಮ ಸಂಘಗಳಿಗೆ ಪಾಲುದಾರನಾಗಿ ಬರಲಿ. ಬಂಡವಾಳ ಅವರದು, ಭೂಮಿ ನಮ್ಮದು, ಲಾಭ ಇಬ್ಬರದು. ಅಂಥ ಕಂಪೆನಿಯನ್ನು ಮಾತ್ರ ಸಾರ್ವಜನಿಕ ಅಂತ ಕರೆಯಬಹುದು.

ನಾಳೆ ನಿಮ್ಮೂರಿಗೂ ಜೀಪು ಬರುತ್ತೆ, ಕರಾರು ಪತ್ರ ಹಿಡಿದವರು ಬರುತ್ತಾರೆ. ಒಬ್ಬೊಬ್ಬರೇ ಹೆಬ್ಬೆಟ್ಟು ಒತ್ತಬೇಡಿ. ಊರು ಸೇರಲಿ, ಕರಾರನ್ನು ಕನ್ನಡದಲ್ಲಿ ಓದಿಸಲಿ, ಯೂನಿಟ್ಟಿಗೆ ಎಷ್ಟು ಪೈಸೆ ಅಂತ ಕೇಳಲಿ. ರಾಗಿಗೆ ಬೆಲೆ ಕಟ್ಟುವಾಗ ನಮ್ಮನ್ನು ಯಾರೂ ಕೇಳಲಿಲ್ಲ. ಬಿಸಿಲಿಗೆ ಬೆಲೆ ಕಟ್ಟುವಾಗಲಾದರೂ ನಾವು ಕೂತು ಕಟ್ಟೋಣ.