ಹೆಸರಿನ ಜೊತೆ ಊರೂ ಇರಲಿ

ಪ್ಯೂರ್ ಡೇಟಾದಲ್ಲಿ ಕೆಲಸ ಮಾಡುವ ಹಲವರಿಗೆ ಒಂದು ನಂಬಿಕೆಯಿದೆ. ಒಂದು ಆಬ್ಜೆಕ್ಟ್ ಹಿಡಿಸದಿದ್ದರೆ ಅದೇ ಹೆಸರಿನ ಫೈಲೊಂದನ್ನು ಮಾಡಿ ಪ್ಯಾಚ್ ಇರುವ ಫೋಲ್ಡರಿಗೆ ಹಾಕಿದರಾಯಿತು, ನಮ್ಮದೇ ನಡೆಯುತ್ತದೆ ಎಂದು. ಈ ನಂಬಿಕೆ ಅರ್ಧ ಸುಳ್ಳು, ಉಳಿದರ್ಧ ಅಪಾಯ.

ಮಿಲ್ಲರ್ ಪಕೆಟ್ 1990ರ ದಶಕದಲ್ಲಿ ಬರೆದ ಈ ತಂತ್ರಾಂಶದಲ್ಲಿ ಕೋಡ್ ಬರೆಯುವ ಬದಲು ಪೆಟ್ಟಿಗೆಗಳನ್ನಿಟ್ಟು ಗೆರೆಗಳಿಂದ ಜೋಡಿಸಿ ಧ್ವನಿ ಹುಟ್ಟಿಸುತ್ತೇವೆ. ಆ ಜೋಡಣೆಯೇ ಪ್ಯಾಚ್. ಠಾಕುರ್ಲಿಯಲ್ಲಿ ಕುಳಿತು ಯಾರೋ ತಂಬೂರಿಯ ಪ್ಯಾಚ್ ಮಾಡುತ್ತಾರೆ ಎನ್ನಿ. ಸ್ವರಸಂಖ್ಯೆಯನ್ನು ಕಂಪನಾಂಕವಾಗಿಸುವ 'ಎಂಟಿಓಎಫ್' ಪೆಟ್ಟಿಗೆ ಹಾರ್ಮೋನಿಯಂ ಹಾಗೆ ಸಪ್ತಕವನ್ನು 12 ಸಮಭಾಗ ಮಾಡುತ್ತದೆ. ಅದರ ಗಾಂಧಾರ ಷಡ್ಜದಿಂದ 400 ಸೆಂಟ್ ಮೇಲೆ. ತಂಬೂರಿಯಲ್ಲಿ ಕೇಳುವ ಗಾಂಧಾರ ಸುಮಾರು 386. ಇದನ್ನು ಸರಿಪಡಿಸಲು ಅವರು ಸ್ವಂತ 'ಎಂಟಿಓಎಫ್' ಫೈಲ್ ಮಾಡಿ ಪಕ್ಕದಲ್ಲಿಡುತ್ತಾರೆ. ಪ್ಯೂರ್ ಡೇಟಾ ಅದರತ್ತ ತಿರುಗಿಯೂ ನೋಡುವುದಿಲ್ಲ, ತಪ್ಪು ಸಂದೇಶವನ್ನೂ ಕೊಡುವುದಿಲ್ಲ. ಹಳೆಯ ಗಾಂಧಾರವೇ ನುಡಿಯುತ್ತದೆ.

ಕಾರಣ ಸರಳ. ಅದು ಮೊದಲು ನೋಡುವುದು ಈಗಾಗಲೇ ಮೆಮೊರಿಯಲ್ಲಿರುವ ಹೆಸರುಗಳನ್ನು. ಅಲ್ಲಿ ಸಿಗದಿದ್ದರೆ ಮಾತ್ರ ಪ್ಯಾಚ್ ಇರುವ ಫೋಲ್ಡರ್, ಆಮೇಲೆ ಸೆಟ್ಟಿಂಗಿನಲ್ಲಿ ಕೊಟ್ಟ ದಾರಿಗಳು. ಹುಟ್ಟಿನಿಂದಲೇ ಒಳಗಿರುವ ಆಬ್ಜೆಕ್ಟಿಗೆ ಹುಡುಕಾಟವೇ ನಡೆಯುವುದಿಲ್ಲ.

ಹೊರಗಿನ ಲೈಬ್ರರಿಗಳದ್ದು ಇನ್ನೂ ಗೋಜಲು. 'ಸ್ಕೇಲ್' ಎಂಬ ಆಬ್ಜೆಕ್ಟ್ ಮ್ಯಾಕ್ಸ್‌ಲಿಬ್‌ನಲ್ಲೂ ಇದೆ, ಸೈಕ್ಲೋನ್‌ನಲ್ಲೂ ಇದೆ. ಬೆಳಿಗ್ಗೆ ಬೇರೊಂದು ಪ್ಯಾಚ್ ತೆರೆದಾಗ ಒಂದು ಮೆಮೊರಿಗೆ ಬಂದು ಕೂತರೆ, ಪ್ಯೂರ್ ಡೇಟಾ ಮುಚ್ಚುವವರೆಗೂ ಬರಿಯ 'ಸ್ಕೇಲ್' ಎಂದವರಿಗೆಲ್ಲ ಅದೇ ಸಿಗಬಹುದು. ಲೈಬ್ರರಿಯೊಂದು ಒಳಗಿನ ಆಬ್ಜೆಕ್ಟಿನ ಹೆಸರನ್ನೇ ಕಸಿದುಕೊಂಡರೆ ಹಳೆಯದಕ್ಕೆ 'ಅಲಿಯಾಸ್ಡ್' ಎಂಬ ಬಾಲ ಅಂಟಿಸಿ, ಕನ್ಸೋಲಿನಲ್ಲಿ ಒಂದು ಸಾಲಿನ ಎಚ್ಚರಿಕೆ ಬರುತ್ತದೆ. ಕಛೇರಿಯ ವೇದಿಕೆಯಲ್ಲಿ ಕನ್ಸೋಲ್ ಓದುವವರು ಯಾರು?

'ಬದಲಿಸುವುದು ನಮ್ಮ ಸ್ವಾತಂತ್ರ್ಯ' ಎನ್ನುವವರಿದ್ದಾರೆ. ಖಂಡಿತ ಬದಲಿಸಿ. ಆದರೆ ಇನ್ನೊಬ್ಬರ ಹೆಸರು ಹೊತ್ತು ಬದಲಿಸುವುದು ಸ್ವಾತಂತ್ರ್ಯವಲ್ಲ, ವೇಷ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ನುಡಿದ ಪ್ಯಾಚ್ ಧಾರವಾಡದ ಗೆಳೆಯರಲ್ಲಿ ಬೇರೆಯಾಗಿ ನುಡಿದರೆ ಅವರು ದೂರುವುದು ನಿಮ್ಮ ಫೈಲನ್ನಲ್ಲ, ನಿಮ್ಮ ಕಿವಿಯನ್ನು.

'ಉದ್ದ ಹೆಸರು ಬರೆದರೆ ಪ್ಯಾಚ್ ಅಂದಗೆಡುತ್ತದೆ' ಎಂಬುದು ಇನ್ನೊಂದು ಆಕ್ಷೇಪ. ನಮ್ಮ ಉತ್ತರ ಕರ್ನಾಟಕದಲ್ಲಿ ಹೆಸರಿನ ಜೊತೆ ಊರು ಸೇರಿಸುವುದು ವಾಡಿಕೆ. ಗಂಗೂಬಾಯಿ ಎಂದರೆ ನೂರಾರು ಮಂದಿ, ಗಂಗೂಬಾಯಿ ಹಾನಗಲ್ ಎಂದರೆ ಒಬ್ಬರೇ. ಊರು ಸೇರಿದ್ದರಿಂದ ಆ ಹೆಸರೇನೂ ಅಂದಗೆಡಲಿಲ್ಲ.

ಹಾಗಾಗಿ 'ಸ್ಕೇಲ್' ಎನ್ನಬೇಡಿ, ಲೈಬ್ರರಿಯ ಹೆಸರು, ಓರೆಗೆರೆ, ಆಮೇಲೆ 'ಸ್ಕೇಲ್' ಎನ್ನಿ. ನಿಮ್ಮದೇ ಶ್ರುತಿಯ ಪೆಟ್ಟಿಗೆಗೆ ನಿಮ್ಮದೇ ಹೆಸರಿಡಿ. ಬೇಕಾದ ದಾರಿಗಳನ್ನು ಸೆಟ್ಟಿಂಗಿನಲ್ಲಿ ಬಚ್ಚಿಡದೆ ಪ್ಯಾಚ್ ಒಳಗೇ 'ಡಿಕ್ಲೇರ್' ಪೆಟ್ಟಿಗೆಯಲ್ಲಿ ಬರೆಯಿರಿ. ಹಂಚುವಾಗ ಇಡೀ ಫೋಲ್ಡರ್ ಕಳಿಸಿ. ಇಷ್ಟಕ್ಕೆ ಹಿಡಿಯುವುದು ಹತ್ತು ನಿಮಿಷ. ತಂಬೂರಿಯ ಶ್ರುತಿ ಸೇರಿಸಲು ಅದಕ್ಕಿಂತ ಹೆಚ್ಚು ಹೊತ್ತು ಕೂರುವವರು ನಾವು.