ಅಪರಾಧ ಚಿತ್ರಗಳು: ನಿಷೇಧವೋ, ವಿವೇಚನೆಯೋ?

ಮಚ್ಚು ಹಿಡಿದ ನಾಯಕನನ್ನು ಯುವಕರು ಆದರ್ಶವೆಂದು ಭಾವಿಸುತ್ತಿದ್ದಾರೆ ಎಂಬ ಆತಂಕವನ್ನು ಅನೇಕ ಪಾಲಕರು ನಮ್ಮಲ್ಲಿ ತೋಡಿಕೊಳ್ಳುತ್ತಿದ್ದಾರೆ. ಅಪರಾಧ ಚಿತ್ರಗಳನ್ನೇ ನಿಷೇಧಿಸಬೇಕೆಂಬುದು ಕೆಲವರ ಆಗ್ರಹ. ಆತಂಕವು ಸಕಾರಣವಾದುದೇ, ಪರಿಹಾರ ಮಾತ್ರ ಅಷ್ಟು ಸರಳವಲ್ಲ.

ಈ ಬಗೆಯ ಚಿತ್ರಗಳು ಕನ್ನಡಕ್ಕೆ ಹೊಸವಲ್ಲ. ಉಪೇಂದ್ರ ನಿರ್ದೇಶನದ ‘ಓಂ’ 1995ರಲ್ಲೇ ಭೂಗತ ಲೋಕದ ಕಥೆಗೆ ಜನಪ್ರಿಯ ಮಾದರಿಯೊಂದನ್ನು ಹಾಕಿಕೊಟ್ಟಿತು. ಆದರೆ 2019ರ ‘ಕವಲುದಾರಿ’ಯಲ್ಲಿ ಮಚ್ಚಿನ ವೈಭವವಿಲ್ಲ, ಮುಚ್ಚಿಹೋದ ಹಳೆಯ ಕೊಲೆಯೊಂದರ ಸತ್ಯವನ್ನು ಅರಸುವ ಸಂಚಾರ ಪೊಲೀಸ್ ಅಧಿಕಾರಿಯ ಛಲವಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ರಾಜ್ ಬಿ. ಶೆಟ್ಟಿ ಅವರ ‘ಗರುಡ ಗಮನ ವೃಷಭ ವಾಹನ’ (2021) ಇನ್ನೂ ಕಠಿಣವಾದ ಪ್ರಶ್ನೆಯನ್ನು ಮುಂದಿಡುತ್ತದೆ. ಕೊಲೆಗೈದ ಶಿವ ಮಳೆಯಲ್ಲಿ ಕುಣಿಯುವ ದೃಶ್ಯಕ್ಕೆ ಮಾದಪ್ಪನ ಭಕ್ತಿಗೀತೆಯನ್ನು ಬಳಸಲಾಗಿದೆ. ಭಕ್ತರಿಗೆ ಅದು ನೋವು ತಂದರೆ ಅಚ್ಚರಿಯಿಲ್ಲ. ಆದರೂ ಇಡೀ ಚಿತ್ರವನ್ನು ನೋಡಿದವರಿಗೆ ತಿಳಿಯುತ್ತದೆ: ಅನಾಥನಾಗಿ ಬೆಳೆದ ಶಿವನಿಗಾಗಲಿ, ಅವನ ಗೆಳೆಯ ಹರಿಗಾಗಲಿ ಆ ಹಾದಿಯು ನೆಮ್ಮದಿಯನ್ನು ಕೊಡುವುದಿಲ್ಲ. ಸ್ನೇಹವೇ ವೈರವಾಗಿ ಇಬ್ಬರನ್ನೂ ನುಂಗುತ್ತದೆ.

ಆದರೆ ಮೊಬೈಲಿನಲ್ಲಿ ಹರಿದಾಡುವುದು ಕುಣಿತದ ತುಣುಕು ಮಾತ್ರ. ಪಾಪದ ಅಬ್ಬರ ಉಳಿದು, ಅದರ ಫಲ ಕತ್ತರಿಸಿಹೋಗುತ್ತದೆ. ಅಪಾಯವಿರುವುದು ಇಲ್ಲಿಯೇ ಎಂಬುದು ನಮ್ಮ ಅಭಿಮತ. 2023ರ ಕಾಯ್ದೆ ತಿದ್ದುಪಡಿಯು ಪಾಲಕರ ಮಾರ್ಗದರ್ಶನ ಬೇಕಾದ ‘ಯುಎ’ ವರ್ಗವನ್ನು 7, 13 ಮತ್ತು 16 ವರ್ಷಗಳೆಂದು ಮೂರಾಗಿ ವಿಂಗಡಿಸಿದೆ. ಅಂಗೈಯಲ್ಲಿ ಓಡುವ ತುಣುಕಿಗೆ ಆ ಪ್ರಮಾಣಪತ್ರದ ಕಾವಲಿಲ್ಲ. ಚಿತ್ರವನ್ನು ನಿಷೇಧಿಸಿದರೂ ತುಣುಕು ನಿಲ್ಲದು.

ಹಾಗೆಂದು ನಿರ್ಮಾಪಕರು ಹೊಣೆಯಿಂದ ಮುಕ್ತರೆಂದು ನಾವು ಹೇಳುತ್ತಿಲ್ಲ. ನಾಯಕನ ಪ್ರತಿ ಏಟಿಗೂ ಜಯಘೋಷದ ಸಂಗೀತವನ್ನಿಟ್ಟು, ಕೊನೆಯಲ್ಲಿ ಎರಡು ನಿಮಿಷ ನೀತಿ ಹೇಳಿದರೆ ಸಾಲದು. ಸತ್ತವನಿಗೂ ಒಂದು ಮನೆಯಿತ್ತೆಂದು ತೋರಿಸುವ ಚಿತ್ರವು ಸಮಾಜಕ್ಕೆ ಕನ್ನಡಿ. ಅದನ್ನು ಮರೆಸುವ ಚಿತ್ರವು ಬರಿಯ ಅಮಲು.

ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೆ: ವಯಸ್ಸಿಗೆ ತಕ್ಕ ಚಿತ್ರವನ್ನು ಮಕ್ಕಳೊಡನೆ ಕುಳಿತು ಪೂರ್ತಿಯಾಗಿ ನೋಡಿರಿ. ಮುಗಿದ ಮೇಲೆ, “ಸತ್ತವನ ತಾಯಿಯ ಗತಿಯೇನು?” ಎಂದು ಕೇಳಿರಿ. ಬೈಗುಳಕ್ಕೆ ಬಗ್ಗದ ಮನಸ್ಸು ಆ ಪ್ರಶ್ನೆಗೆ ಕರಗೀತು.