ಅರ್ಧ ಹುಷಾರಾದವರ ಕೆಲಸ

ಕಾಯಿಲೆ ಬಿದ್ದವರ ರಜೆಯ ಬಗ್ಗೆ ನಮ್ಮ ಕಾರ್ಖಾನೆ, ಕಚೇರಿಗಳಲ್ಲಿ ನಿಯಮಗಳಿಗೆ ಕೊರತೆಯಿಲ್ಲ. ರಜೆ ಮುಗಿಸಿ ಅವರು ಮರಳಿ ಬರುವ ದಿನದ ಬಗ್ಗೆ ಮಾತ್ರ ಯಾರೂ ಹೆಚ್ಚು ಯೋಚಿಸಿದಂತಿಲ್ಲ. ಡಾಕ್ಟರು ಕೊಟ್ಟ ಫಿಟ್‌ನೆಸ್ ಸರ್ಟಿಫಿಕೇಟ್ ಇದ್ದರೆ, ನಿನ್ನೆಯವರೆಗೆ ಹಾಸಿಗೆಯಲ್ಲಿದ್ದವರು ಇವತ್ತು ಪೂರ್ತಿ ಪಾಳಿ ದುಡಿಯಬೇಕು. ಇಲ್ಲದಿದ್ದರೆ ಗೇಟಿನೊಳಗೇ ಬಿಡುವುದಿಲ್ಲ. ವಾರಗಟ್ಟಲೆ ಮಲಗಿ ಎದ್ದ ಯಾರನ್ನು ಕೇಳಿದರೂ ಹೇಳುತ್ತಾರೆ, ಕಾಯಿಲೆ ಹೋದ ಮೇಲೂ ಕೈಕಾಲಿಗೆ ಕಸುವು ಬರುವುದಕ್ಕೆ ಬಹಳ ದಿನ ಬೇಕು ಎಂದು. ಆ ನಡುವಿನ ದಿನಗಳಿಗೆ ನಮ್ಮ ವ್ಯವಸ್ಥೆಯಲ್ಲಿ ಜಾಗವೇ ಇಲ್ಲ.

ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್ ಆಗಿದ್ದ ಒಬ್ಬ ಹೆಣ್ಣುಮಗಳು ನನಗೆ ಬಹುಕಾಲದಿಂದ ಪರಿಚಯ. ಶರ್ಟಿಗೆ ಕಾಲರ್ ಕೂರಿಸುವುದರಲ್ಲಿ ಅವರದು ಪಳಗಿದ ಕೈ. ಗರ್ಭಕೋಶದ ಆಪರೇಷನ್ ಆಯಿತು. ಭಾರ ಎತ್ತಬೇಡಿ, ಒಂದೇ ಸಮ ಕೂರಬೇಡಿ ಎಂದು ಡಾಕ್ಟರು ಹೇಳಿದ್ದರು. ರಜೆ ಮುಗಿದು ಕೆಲಸಕ್ಕೆ ಹೋದರೆ ಎದುರಿಗೆ ಅದೇ ಮಷೀನು, ಅದೇ ಗಂಟೆ ಲೆಕ್ಕದ ಟಾರ್ಗೆಟ್. ಲೈನಿನಲ್ಲಿ ಹಿಂದಿನವರಿಂದ ಬಂಡಲ್ ಬರುತ್ತಲೇ ಇರುತ್ತದೆ. ಒಬ್ಬರ ಕೈ ನಿಧಾನವಾದರೆ ಅವರ ಮುಂದೆ ಬಟ್ಟೆಯ ರಾಶಿ ಏಳುತ್ತದೆ, ಮುಂದಿನವರು ಕೆಲಸವಿಲ್ಲದೆ ಕೂರುತ್ತಾರೆ. ಎಲ್ಲರ ಕಣ್ಣೂ ಆ ಒಬ್ಬರ ಮೇಲೆ. ಹದಿನೈದು ದಿನ ದಾರ ಕತ್ತರಿಸುವ ಟೇಬಲ್ಲಿಗೆ ಹಾಕಿ ಎಂದು ಅವರು ಕೇಳಿಕೊಂಡರು. ‘ಅಲ್ಲಿಗೆ ಹೋದ್ರೆ ಹೆಲ್ಪರ್ ಸಂಬಳ ಆಗುತ್ತೆ, ನೋಡ್ಕೊಳ್ಳಮ್ಮ’ ಎಂದರಂತೆ ಸೂಪರ್‌ವೈಸರ್. ಸಂಬಳ ಇಳಿಯುತ್ತದೆಂದು ಮಷೀನಿನಲ್ಲೇ ಕೂತರು. ಹೊಟ್ಟೆನೋವು ತಡೆಯಲಾಗದೆ ಮತ್ತೆ ರಜೆ ಹಾಕಿದರು, ಆಮೇಲೆ ಹೋಗಲೇ ಇಲ್ಲ. ಪಿಎಫ್ ದುಡ್ಡು ಬಿಡಿಸಿಕೊಂಡು, ಈಗ ಮನೆಯಲ್ಲೇ ಸೀರೆಗೆ ಫಾಲ್ ಹಾಕುತ್ತಾರೆ.

ಆ ಸೂಪರ್‌ವೈಸರನ್ನು ದೂರುವುದು ಸುಲಭ. ಆದರೆ ಅವನ ತಲೆಯ ಮೇಲೂ ಗಂಟೆಗಿಷ್ಟು ಪೀಸ್ ಎಂಬ ಲೆಕ್ಕ ಕೂತಿರುತ್ತದೆ. ನಿಧಾನವಾದ ಒಂದು ಕೈಗೆ ಅವಕಾಶ ಮಾಡಿಕೊಡು, ನಿನ್ನ ಟಾರ್ಗೆಟ್ಟಿನಲ್ಲಿ ಅಷ್ಟು ಕಡಿಮೆ ಮಾಡಿಕೊಳ್ಳುತ್ತೇವೆ ಎಂದು ಮೇಲಿನವರು ಅವನಿಗೆ ಹೇಳಿರುವುದಿಲ್ಲ. ಹದಿನೈದು ದಿನದ ಸಣ್ಣ ಹೊಂದಾಣಿಕೆಯಿಂದ ಉಳಿಯಬಹುದಾಗಿದ್ದ ಹಲವು ವರ್ಷಗಳ ಕಸುಬು ಹೀಗೆ ಕಾರ್ಖಾನೆಯಿಂದ ಹೊರಗೆ ಹೋಗುತ್ತದೆ.

ನಮ್ಮ ಇಎಸ್‌ಐ ವ್ಯವಸ್ಥೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಬಡ ದೇಶವೊಂದು ಕಾರ್ಮಿಕರ ಕಾಯಿಲೆಗೆ ವಿಮೆ ಮಾಡಿಸುವ ಕಾಯ್ದೆ ತಂದದ್ದು ದೊಡ್ಡ ಮಾತು. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70ರಷ್ಟು ಭತ್ಯೆ ಸಿಗುತ್ತದೆ. ಕ್ಷಯ, ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಗಳಿಗೆ ಶೇ 80ರಂತೆ ಎರಡು ವರ್ಷದವರೆಗೂ ಸಿಗಬಹುದು. ಕೆಲಸದಲ್ಲಿ ಗಾಯವಾದರೆ ಶೇ 90, ಅದೂ ಗಾಯ ವಾಸಿಯಾಗುವ ತನಕ. ಕಾಯಿಲೆಯ ಭತ್ಯೆ ಪಡೆಯುತ್ತಿರುವವರನ್ನು ಕೆಲಸದಿಂದ ತೆಗೆಯುವಂತಿಲ್ಲ ಎಂದು 73ನೇ ಸೆಕ್ಷನ್ನಿನಲ್ಲಿ ಸ್ಪಷ್ಟವಾಗಿ ಬರೆದಿತ್ತು.

ತೊಡಕಿದ್ದದ್ದು ಅದೇ ಕಾಯ್ದೆಯ 63ನೇ ಸೆಕ್ಷನ್ನಿನಲ್ಲಿ. ಯಾವ ದಿನ ಕೆಲಸ ಮಾಡುತ್ತೀರೋ ಆ ದಿನದ ಭತ್ಯೆ ನಿಮಗಿಲ್ಲ ಎನ್ನುತ್ತಿತ್ತು ಅದು. ಮೋಸ ತಡೆಯಲು ಹೀಗೆ ಬರೆದಿರಬೇಕು, ತಪ್ಪೆನ್ನಲಾಗದು. ಆದರೆ ಪರಿಣಾಮ ನೋಡಿ. ದಿನಕ್ಕೆ ಮೂರು ಗಂಟೆ ಮಾತ್ರ ದುಡಿಯಬಲ್ಲೆ ಎನ್ನುವ ಕಾರ್ಮಿಕ ಮೂರು ಗಂಟೆ ದುಡಿದರೆ ಇಡೀ ದಿನದ ಭತ್ಯೆ ಕಳೆದುಕೊಳ್ಳುತ್ತಾನೆ. ಮಾಲೀಕರು ಕೊಡುವುದು ಮೂರು ಗಂಟೆಯ ಕೂಲಿ. ಹಾಗಾಗಿ ಅವನ ಮುಂದೆ ಉಳಿಯುವುದು ಎರಡೇ ದಾರಿ: ಭತ್ಯೆಯ ದಿನಗಳು ಮುಗಿಯುವ ತನಕ ಮನೆಯಲ್ಲೇ ಇರುವುದು, ಅಥವಾ ಮೈಯಲ್ಲಿ ಆಗದಿದ್ದರೂ ಪೂರ್ತಿ ಪಾಳಿಗೆ ಹೋಗುವುದು. ಎರಡೂ ಕೆಟ್ಟವು. ಮನೆಯಲ್ಲಿ ಹೆಚ್ಚು ದಿನ ಕೂತಷ್ಟೂ ಮರಳಿ ಹೋಗುವ ಧೈರ್ಯ ಕುಗ್ಗುತ್ತದೆ. ಬೇಗ ಹೋದರೆ ಕಾಯಿಲೆ ಮರುಕಳಿಸುತ್ತದೆ.

ಜರ್ಮನಿಯವರು ಈ ಗಂಟನ್ನು ಬಿಡಿಸಿಕೊಂಡ ರೀತಿಯನ್ನು ನಾವು ನೋಡಬೇಕು. ಅಲ್ಲಿ ಅದಕ್ಕೆ ‘ಹ್ಯಾಂಬರ್ಗ್ ಮಾದರಿ’ ಎಂದೇ ಹೆಸರು. ಡಾಕ್ಟರು, ಕೆಲಸಗಾರ, ಮಾಲೀಕ ಮೂವರೂ ಒಪ್ಪಿ ಒಂದು ಯೋಜನೆ ಬರೆಯುತ್ತಾರೆ: ಮೊದಲು ದಿನಕ್ಕೆ ಎರಡು ಗಂಟೆ, ಆಮೇಲೆ ನಾಲ್ಕು, ಆಮೇಲೆ ಆರು, ಕೊನೆಗೆ ಪೂರ್ತಿ ದಿನ. ಮುಖ್ಯವಾದ ಅಂಶವೆಂದರೆ, ಈ ಅವಧಿಯುದ್ದಕ್ಕೂ ಕಾನೂನಿನ ಲೆಕ್ಕದಲ್ಲಿ ಆತ ಇನ್ನೂ ರೋಗಿಯೇ. ಆರೋಗ್ಯ ವಿಮೆಯ ಭತ್ಯೆ ನಿಲ್ಲುವುದಿಲ್ಲ. ಆಗದಿದ್ದರೆ ಹಿಂದೆ ಸರಿಯುವುದಕ್ಕೂ ಅವಕಾಶವಿದೆ. ಇದಲ್ಲದೆ, ವರ್ಷದಲ್ಲಿ ಆರು ವಾರಕ್ಕಿಂತ ಹೆಚ್ಚು ಕಾಯಿಲೆ ರಜೆಯಲ್ಲಿದ್ದವರನ್ನು ಕರೆದು, ಮರಳಿ ಬರಲು ಏನೇನು ಬೇಕು ಎಂದು ಚರ್ಚಿಸುವುದು ಅಲ್ಲಿನ ಮಾಲೀಕರ ಕರ್ತವ್ಯ. 2004ರಿಂದ ಇದು ಕಾನೂನು. ಬ್ರಿಟನ್ನಿನಲ್ಲೂ 2010ರಲ್ಲಿ ಡಾಕ್ಟರ ಚೀಟಿಯ ನಮೂನೆಯನ್ನೇ ಬದಲಿಸಿದರು. ಕೆಲಸಕ್ಕೆ ಅನರ್ಹ ಎಂಬುದರ ಜೊತೆಗೆ, ಇಂತಿಂಥ ಬದಲಾವಣೆ ಮಾಡಿಕೊಟ್ಟರೆ ಕೆಲಸ ಮಾಡಬಲ್ಲರು ಎಂದು ಬರೆಯುವುದಕ್ಕೂ ಅದರಲ್ಲಿ ಜಾಗ ಬಂತು.

ನಮ್ಮಲ್ಲಿ ಸರ್ಕಾರಿ ನೌಕರರಿಗೆ ಒಂದು ಗಟ್ಟಿ ಆಸರೆ ಇದೆ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದರೆ ಅವರನ್ನು ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಹಳೆಯ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯಲ್ಲಿ ಬೇರೆ ಕೆಲಸ ಕೊಡಬೇಕು. 1995ರ ಕಾಯ್ದೆಯಲ್ಲಿದ್ದ ಈ ಮಾತು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಉಳಿದಿದೆ. ಕಾಗದದ ಮೇಲಿರುವ ಹಕ್ಕು ಮನುಷ್ಯನಿಗೆ ತಲುಪುವುದು ಎಷ್ಟು ಕಷ್ಟ ಎಂಬುದಕ್ಕೆ ಪಂಜಾಬಿನ ಭಗವಾನ್ ದಾಸ್ ಪ್ರಕರಣ ನೆನೆಯಬೇಕು. ಅವರು ವಿದ್ಯುತ್ ಮಂಡಳಿಯ ಸಹಾಯಕ ಲೈನ್‌ಮನ್. 1994ರಲ್ಲಿ ಪೂರ್ತಿ ದೃಷ್ಟಿ ಹೋಯಿತು. ಕಾಯ್ದೆ ಬಂದದ್ದು ತಿಳಿಯದ ಅವರು, ನನ್ನನ್ನು ನಿವೃತ್ತಿ ಮಾಡಿ ಹೆಂಡತಿಗೆ ಕೆಲಸ ಕೊಡಿ ಎಂದು ತಾವೇ ಅರ್ಜಿ ಬರೆದರು. ಮಂಡಳಿ ಆ ಅರ್ಜಿಯನ್ನೇ ಹಿಡಿದು ಅವರನ್ನು ಮನೆಗೆ ಕಳಿಸಿತು. ತನ್ನ ಹಕ್ಕು ಗೊತ್ತಿಲ್ಲದವನ ಅರ್ಜಿಯನ್ನು ಅವನ ವಿರುದ್ಧ ಬಳಸಬಾರದು, ಸೇವೆಯಲ್ಲಿ ಉಳಿಸಿಕೊಳ್ಳಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2008ರಲ್ಲಿ. ಅಷ್ಟು ವರ್ಷ ಅವರಿಗೆ ಆ ಕಾನೂನನ್ನು ವಿವರಿಸಿ ಹೇಳುವ ಒಬ್ಬ ಅಧಿಕಾರಿಯೂ ಸಿಗಲಿಲ್ಲ ಎಂಬುದೇ ನನಗೆ ನೋವು ತರುವ ಸಂಗತಿ.

ಇಷ್ಟಾಗಿ ಆ ರಕ್ಷಣೆ ಇರುವುದು ಸರ್ಕಾರಿ ಸಂಸ್ಥೆಗಳಿಗೆ. ಹೊಲಿಗೆ ಲೈನಿನಲ್ಲಿ ಕೂತ ಹೆಣ್ಣುಮಗಳಿಗಾಗಲಿ, ಪೀಣ್ಯದ ಸಣ್ಣ ವರ್ಕ್‌ಶಾಪಿನಲ್ಲಿ ಪ್ರೆಸ್ಸಿಗೆ ಬೆರಳು ಕೊಟ್ಟ ಹುಡುಗನಿಗಾಗಲಿ ಅದು ತಾಕುವುದಿಲ್ಲ. ಪರಿಹಾರದ ಹಣ ಬರಬಹುದು. ಆದರೆ ಎರಡು ಬೆರಳಿಲ್ಲದ ಕೈ ಯಾವ ಕೆಲಸಕ್ಕೆ ಒಗ್ಗುತ್ತದೆ ಎಂದು ಜೊತೆಯಲ್ಲಿ ಕೂತು ಯೋಚಿಸುವವರು ಬೇಕಲ್ಲ? ಚಿಕಿತ್ಸೆ ಮಾಡಿದ ಡಾಕ್ಟರು ಆ ಮಷೀನನ್ನು ಕಂಡವರಲ್ಲ, ಎಚ್‌ಆರ್‌ನವರು ಆ ಗಾಯವನ್ನು ಕಂಡವರಲ್ಲ. ಇಬ್ಬರ ನಡುವೆ ಓಡಾಡುವುದು ಒಂದು ಸರ್ಟಿಫಿಕೇಟ್ ಮಾತ್ರ.

ಕ್ಷಯ, ಮಾನಸಿಕ ಕಾಯಿಲೆಗಳಿಂದ ಎದ್ದು ಬಂದವರ ಪಾಡು ಇನ್ನೂ ಒಂದು ತೂಕ ಹೆಚ್ಚು. ಡಾಕ್ಟರು ಇನ್ನು ಸೋಂಕು ಹರಡುವುದಿಲ್ಲ ಎಂದು ಹೇಳಿದ ಮೇಲೂ ಕ್ಯಾಂಟೀನಿನಲ್ಲಿ ಪಕ್ಕದ ಕುರ್ಚಿ ಖಾಲಿಯೇ ಉಳಿಯುತ್ತದೆ. ಇದನ್ನು ಯಾವ ಕಾಯ್ದೆಯೂ ಸರಿಪಡಿಸಲಾರದು. ಅದು ನಮ್ಮ ನಿಮ್ಮ ಕೈಯಲ್ಲಿರುವ ಕೆಲಸ.

ಕಾಯ್ದೆಯಿಂದ ಆಗಬಹುದಾದದ್ದು ಆಗಲಿ. 1948ರ ಕಾಯ್ದೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಅದರಡಿ ನಿಯಮ ಬರೆಯುವವರು, ಡಾಕ್ಟರು ಬರೆದುಕೊಟ್ಟ ಅವಧಿಯಲ್ಲಿ ಅರ್ಧ ದಿನ ದುಡಿದವರಿಗೆ ಉಳಿದರ್ಧದ ಭತ್ಯೆ ಸಿಗುವಂತೆ ಮಾಡಬೇಕು. ಮೋಸವಾದೀತೆಂಬ ಭಯಕ್ಕೆ ಹಾಜರಿ ದಾಖಲೆಯೇ ಉತ್ತರ. ಕಾರ್ಮಿಕ ಸಂಘಗಳು ಮುಂದಿನ ವೇತನ ಒಪ್ಪಂದಕ್ಕೆ ಕೂತಾಗ ಒಂದು ಸಾಲು ಸೇರಿಸಲಿ: ಕಾಯಿಲೆಯಿಂದ ಮರಳಿದವರಿಗೆ ಹಗುರ ಕೆಲಸ ಕೊಟ್ಟಾಗ ಸಂಬಳ ಇಳಿಸುವಂತಿಲ್ಲ. ಆ ಒಂದು ಸಾಲಿದ್ದಿದ್ದರೂ ಸಾಕಿತ್ತು, ಕಾಲರ್ ಕೂರಿಸುವ ಆ ಕೈ ಲೈನಿನಲ್ಲೇ ಉಳಿಯುತ್ತಿತ್ತು. ಇದು ಕಾನೂನಾಗುವವರೆಗೆ ಮಾಲೀಕರು, ಮ್ಯಾನೇಜರುಗಳು ಕಾಯಬೇಕಾಗಿಲ್ಲ. ರಜೆಯಲ್ಲಿರುವ ನಿಮ್ಮವರಿಗೆ ಈ ವಾರವೇ ಒಂದು ಫೋನ್ ಮಾಡಿ. ಯಾವಾಗ ಬರುತ್ತೀರಿ ಎಂದು ಕೇಳುವ ಮೊದಲು, ಬಂದಾಗ ನಿಮಗೆ ಏನು ಅನುಕೂಲ ಮಾಡಿಕೊಡಲಿ ಎಂದು ಕೇಳಿ.